ಉಳಿತಾಯ ಅಮ್ಮನ ಹೆಸರಿಗೂ ಇರಲಿ

ಸಂಪಾದಕರಿಗೆ ನಮಸ್ಕಾರ,

ಗೃಹಲಕ್ಷ್ಮಿ ಹಣ ಬಂತಾ, ಇಲ್ವಾ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗೆಲ್ಲ ಅಕ್ಕಪಕ್ಕದವರು ನನ್ನನ್ನೂ ಕೇಳುತ್ತಾರೆ. ಆ 2,000 ರೂಪಾಯಿ ನನಗೆ ಬರುವುದಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವುದು ಅತ್ತೆಯವರ ಹೆಸರು. ಇರಲಿ, ಅವರಿಗೂ ಮಾತ್ರೆ, ಔಷಧಿ ಖರ್ಚಿದೆ. ನಾನು ಹೇಳಹೊರಟಿದ್ದು ಬೇರೆ.

ಮದುವೆಯಾದಾಗ ನಾನು ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಬಾಡಿಗೆ ನಮ್ಮ ಯಜಮಾನರದು, ದಿನಸಿ, ಹಾಲು ನನ್ನದು. ಗ್ಯಾಸ್ ಬಂದಾಗ ಯಾರ ಕೈಯಲ್ಲಿ ದುಡ್ಡಿತ್ತೋ ಅವರು ಕೊಡುತ್ತಿದ್ದರು. ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಮಗಳು ಹುಟ್ಟಿದಳು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಂತೆ 26 ವಾರ ಸಂಬಳದ ರಜೆ ಸಿಕ್ಕಿತು. ಆಮೇಲೆ ಮಗುವನ್ನು ಎಲ್ಲಿ ಬಿಡುವುದು? 50 ಜನ ಕೆಲಸಗಾರರಿದ್ದರೆ ಮಾತ್ರ ಶಿಶುಪಾಲನಾ ಕೊಠಡಿ ಕಡ್ಡಾಯ. ನಮ್ಮಲ್ಲಿ ಅಷ್ಟು ಜನ ಇರಲಿಲ್ಲ. ಅತ್ತೆಯವರಿಗೆ ಮಂಡಿನೋವು. ಕೆಲಸ ಬಿಟ್ಟೆ.

ನಮ್ಮ ಯಜಮಾನರು ಕೈ ಬಿಗಿಯವರಲ್ಲ. ಡೈಪರ್‌ಗೆ, ಡಾಕ್ಟರ್ ಫೀಸಿಗೆ ಅಂದರೆ ತಕ್ಷಣ ಫೋನ್‌ಪೇ ಮಾಡುತ್ತಾರೆ. ಆದರೆ ನನಗೆ ಅಂತ ಕೇಳಲು ಬಾಯೇ ಬರುವುದಿಲ್ಲ. ಮೊನ್ನೆ ಎಂ.ಜಿ. ರಸ್ತೆಯಲ್ಲಿ 350 ರೂಪಾಯಿಯ ಚಪ್ಪಲಿ ಕಾಲಿಗೆ ಹಾಕಿ ನೋಡಿದೆ. ಸರಿಯಾಗಿಯೇ ಇತ್ತು. ತೆಗೆದಿಟ್ಟು, ಮಗಳಿಗೆ ಸಾಕ್ಸ್ ತಗೊಂಡು ಬಂದೆ. ಬೇಡ ಅಂದವರು ಯಾರೂ ಇಲ್ಲ, ಅಲ್ವಾ? ಅದೇ ತಮಾಷೆ.

ಪ್ರತಿ ತಿಂಗಳು ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಸಾವಿರ ರೂಪಾಯಿ ಕಟ್ಟುತ್ತೇವೆ. ಅವಳಿಗೆ 21 ತುಂಬುವ ಹೊತ್ತಿಗೆ ಎಷ್ಟಾಗುತ್ತದೆ ಅಂತ ಇವರು ನೆಂಟರಿಗೆಲ್ಲ ಹೇಳುತ್ತಾರೆ. (ಖಾತೆ ತೆರೆದ ದಿನದಿಂದ 21 ವರ್ಷ ಅಂತ ನಾನು ತಿದ್ದುತ್ತೇನೆ.) ಅವಳನ್ನು ಎತ್ತಿಕೊಂಡು ಪೋಸ್ಟ್ ಆಫೀಸಿನ ಸಾಲಲ್ಲಿ ನಿಲ್ಲುವವಳ ಹೆಸರಿಗೆ ಮಾತ್ರ ಒಂದು ಆರ್‌ಡಿ ಕೂಡ ಇಲ್ಲ. ಪಿಎಫ್ ಅಲ್ಲಿಗೇ ನಿಂತಿದೆ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ನನ್ನದು ಏಳು.

ಮಗು ಇಬ್ಬರದೂ. ಸಂಬಳ ನಿಂತಿದ್ದು ಒಬ್ಬರದು. ಹಾಗಿದ್ದ ಮೇಲೆ ಆ ನಷ್ಟವನ್ನೂ ಇಬ್ಬರೂ ಹಂಚಿಕೊಳ್ಳಬೇಕಲ್ಲ? ಮನೆಖರ್ಚಿನ ದುಡ್ಡು ಬೇರೆ. ಅದರಲ್ಲಿ ಮಿಗಿಸಿಕೋ ಅನ್ನುವ ಮಾತು ಬೇಡ. ಗಂಡನ ಸಂಬಳ ಬಂದ ದಿನವೇ ಹೆಂಡತಿಯ ಹೆಸರಿಗೆ ಒಂದಿಷ್ಟು ಹೋಗಬೇಕು, ಅವಳು ಕೇಳದೆಯೇ. ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ತಿಂಗಳು ತಿಂಗಳು ತಾನಾಗಿ ಜಮೆಯಾಗುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಹೇಳಿದ್ದೇನೆ. ‘ನೋಡೋಣ’ ಅಂದಿದ್ದಾರೆ. ಪತ್ರಿಕೆಯನ್ನು ಬೆಳಿಗ್ಗೆ ಮೊದಲು ಓದುವವರು ಅವರೇ.

– ಒಬ್ಬ ಗೃಹಿಣಿ, ಚಿಕ್ಕಮಗಳೂರು