ಡಾಕ್ಟರಿಗೆ ಫೋನ್ ಮಾಡುವ ಮುಂಚೆ

ಮಾನ್ಯ ಸಂಪಾದಕರೇ,

ಭಾನುವಾರ ನಿಮ್ಮ ಪತ್ರಿಕೆ ಬಿಡಿಸಿದರೆ ಒಳಗಿನಿಂದ ಒಂದು ಹಳದಿ ಪಾಂಪ್ಲೆಟ್ ಜಾರಿ ಬಿತ್ತು. ‘ಮೂರೇ ತಿಂಗಳಲ್ಲಿ ಎನ್‌ಕ್ಲೆಕ್ಸ್ ಪಾಸ್! ಸಾವಿರಾರು ಪ್ರಶ್ನೆಗಳ ಬ್ಯಾಂಕ್ ಉಚಿತ!’ ತಪ್ಪು ನಿಮ್ಮದಲ್ಲ, ಪೇಪರ್ ಹಾಕುವ ಹುಡುಗರು ಸೇರಿಸುತ್ತಾರೆ, ಗೊತ್ತು. ಆದರೆ ಅಂಥದ್ದೇ ಒಂದು ಕೋಚಿಂಗ್ ಸೆಂಟರಿಗೆ ಅಪ್ಪ ಸಾಲ ಮಾಡಿ ತಂದ ದುಡ್ಡು ಸುರಿದು ಬಂದವಳು ನಾನು, ಅದಕ್ಕೇ ಈ ಪತ್ರ.

ಎನ್‌ಕ್ಲೆಕ್ಸ್ ಅಂದರೆ ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಲೈಸೆನ್ಸ್ ಪರೀಕ್ಷೆ. ಕೆನಡಾದ ಬಹುತೇಕ ಕಡೆಯೂ ಇದೇ ನಡೆಯುತ್ತದೆ. ಬೆಂಗಳೂರಿನಲ್ಲೇ ಕೂತು ಬರೆಯಬಹುದು. ಐದು ಗಂಟೆ ಟೈಮ್, ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. 2023ರ ಏಪ್ರಿಲ್‌ನಿಂದ ಇದರ ವರಸೆಯೇ ಬದಲಾಗಿದೆ. ಒಬ್ಬ ರೋಗಿಯ ಕಥೆ (ಕೇಸ್ ಸ್ಟಡಿ) ಕೊಡುತ್ತಾರೆ, ನರ್ಸ್ ಬರೆದ ನೋಟ್ಸು, ಬಿಪಿ, ಪಲ್ಸ್, ಲ್ಯಾಬ್ ರಿಪೋರ್ಟ್ ಎಲ್ಲ ಸೇರಿಸಿ, ಆಮೇಲೆ ಆ ಒಬ್ಬರ ಮೇಲೇ ಆರು ಪ್ರಶ್ನೆ: ಇದರಲ್ಲಿ ಯಾವುದು ಕಣ್ಣಿಗೆ ಬೀಳಬೇಕು, ಅದರ ಅರ್ಥ ಏನು, ಬರುವ ಅನುಮಾನಗಳಲ್ಲಿ ಯಾವುದು ಮೊದಲು, ಏನೇನು ಮಾಡಬಹುದು, ಈಗ ಏನು ಮಾಡುತ್ತೀರಿ, ಮಾಡಿದ ಮೇಲೆ ರೋಗಿ ಸುಧಾರಿಸಿದರಾ. ಇಂಥ ಕಥೆ ಕನಿಷ್ಠ ಮೂರು ಬರುತ್ತವೆ. ಕ್ಲಿನಿಕಲ್ ಜಡ್ಜ್‌ಮೆಂಟ್ ಅಂತ ಕರೆಯುವುದು ಇದನ್ನೇ.

ನಮ್ಮ ಕೋಚಿಂಗ್‌ನಲ್ಲಿ ಮಾಡಿಸಿದ್ದೇನು? ದಿನಕ್ಕೆ ನೂರು ಪ್ರಶ್ನೆ. ಉತ್ತರ ಸಿ, ಮುಂದಕ್ಕೆ ಹೋಗಿ. ‘ಡೌಟ್ ಇದ್ದರೆ ಎಲ್ಲಕ್ಕೂ ಟಿಕ್ ಹಾಕಿ’ ಅಂತ ಬೇರೆ ಹೇಳಿದ್ದರು. ಈಗ ಒಂದಕ್ಕಿಂತ ಹೆಚ್ಚು ಉತ್ತರ ಆರಿಸಬೇಕಾದ ಕೆಲವು ಪ್ರಶ್ನೆಗಳಲ್ಲಿ ತಪ್ಪು ಟಿಕ್ ಹಾಕಿದರೆ ಸಿಕ್ಕ ಮಾರ್ಕ್ಸೂ ಕಟ್ ಆಗುತ್ತದೆ ಅನ್ನುವುದು ಹೇಳಿಕೊಡುವವರಿಗೇ ಗೊತ್ತಿರಲಿಲ್ಲ. ಮೊದಲ ಸಲ ಫೇಲಾದೆ. ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು, ಫೀಸು ಮತ್ತೆ ಡಾಲರ್‌ನಲ್ಲಿ.

ಒಂದು ಪ್ರಾಕ್ಟೀಸ್ ಪ್ರಶ್ನೆ ಇನ್ನೂ ನೆನಪಿದೆ. ರಕ್ತ ಹಾಕಲು ಶುರು ಮಾಡಿ ಹತ್ತು ನಿಮಿಷ ಆಗಿದೆ, ರೋಗಿಗೆ ಚಳಿ, ನಡುಕ, ಸೊಂಟ ನೋವು. ಮೊದಲು ಏನು ಮಾಡುತ್ತೀರಿ? ನಮ್ಮ ಬ್ಯಾಚ್‌ನ ಅರ್ಧ ಜನ ‘ಡಾಕ್ಟರಿಗೆ ತಿಳಿಸುತ್ತೇನೆ’ ಒತ್ತಿದೆವು. ನಾವು ಫೋನ್ ಹಿಡಿದು ನಿಂತಷ್ಟು ಹೊತ್ತೂ ಮೈಗೆ ಒಗ್ಗದ ಆ ರಕ್ತ ಒಳಗೆ ಹೋಗುತ್ತಲೇ ಇರುತ್ತದೆ, ಅಲ್ವಾ? ಮೊದಲು ಅದನ್ನು ನಿಲ್ಲಿಸಬೇಕು, ಹೊಸ ಟ್ಯೂಬ್ ಹಾಕಿ ಸಲೈನ್ ಬಿಟ್ಟು ನರಕ್ಕೆ ಚುಚ್ಚಿದ ಲೈನ್ ಉಳಿಸಿಕೊಳ್ಳಬೇಕು, ಆಮೇಲೆ ಫೋನ್. ಗೊತ್ತಿರಲಿಲ್ಲ ಅಂತೇನಿಲ್ಲ. ಕಾಲೇಜಿನಲ್ಲಿ ಇದರ ಮೇಲೆ ವ್ಯಾಖ್ಯೆ, ಕಾರಣ, ಲಕ್ಷಣ, ಆರೈಕೆ ಅಂತ ಮೂರು ಪುಟ ಬರೆದು, ಹೆಡ್ಡಿಂಗ್ ಕೆಳಗೆ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದಿದ್ದೆವು. ಯಾವುದು ಮೊದಲು ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ವಾರ್ಡಿನಲ್ಲೂ ಅಷ್ಟೇ. ನಾನು ಹೊಸದಾಗಿ ಸೇರಿದಾಗ ಆಪರೇಷನ್ ಆದ ಒಬ್ಬ ಅಜ್ಜಿ ಇದ್ದರು, ಅವತ್ತು ಮೊದಲ ರಾತ್ರಿ. ಹತ್ತಕ್ಕೆ ಪಲ್ಸ್ 88, ಹನ್ನೆರಡಕ್ಕೆ 104, ಎರಡಕ್ಕೆ 118. ಬಿಪಿ ಮಾತ್ರ 110/70, ‘ನಾರ್ಮಲ್’. ಎರಡು ಗಂಟೆಯಲ್ಲಿ ಮೂತ್ರದ ಚೀಲಕ್ಕೆ ಬಂದಿದ್ದು ಬರೀ 35 ಎಂ.ಎಲ್. ಅಜ್ಜಿ ಸುಮ್ನೆ ಮಲಗುತ್ತಲೇ ಇರಲಿಲ್ಲ, ಹೊದಿಕೆ ಕಿತ್ತು ಹಾಕುತ್ತಾ ‘ಒಂದು ಗುಟುಕು ನೀರು ಕೊಡವ್ವಾ’ ಅನ್ನುತ್ತಿದ್ದರು. ನಾನು ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಚಾರ್ಟಿಗೆ ಬರೆದೆ. ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ರೌಂಡ್ಸ್‌ಗೆ ಬಂದ ಹಿರಿಯ ಸಿಸ್ಟರ್ ಆ 118ರ ಮೇಲೆ ಬೆರಳಿಟ್ಟು, ‘ಬಿಪಿ ಬೀಳೋವರೆಗೂ ಕಾಯ್ತೀಯಾ?’ ಅಂದರು. ಒಳಗೆ ರಕ್ತ ಸೋರುತ್ತಿತ್ತು. ಇಂಥಲ್ಲಿ ಪಲ್ಸ್ ಮೊದಲು ಓಡುತ್ತದೆ, ಬಿಪಿ ಕುಸಿಯುವುದು ಆಮೇಲೆ. ಪುಣ್ಯಕ್ಕೆ ಅಜ್ಜಿ ಉಳಿದರು.

ಎರಡನೇ ಸಲ ಓದುವಾಗ ನೆನಪಾಗಿದ್ದು ಆ ಬೆರಳು. ಡ್ಯೂಟಿ ಮುಗಿಸಿ ಬಂದು, ಅವತ್ತಿನ ಒಬ್ಬ ರೋಗಿಯ ಬಗ್ಗೆ, ಹೆಸರು ಬರೆಯದೆ, ಹಳೇ ಲೆಕ್ಕದ ಪುಸ್ತಕದಲ್ಲಿ ಪರೀಕ್ಷೆಯ ಆ ಆರು ಪ್ರಶ್ನೆಗೆ ಆರು ಸಾಲು ಬರೆಯುತ್ತಿದ್ದೆ. ‘ಏನು ಮಾಡಿದೆ’ ಅನ್ನುವ ಸಾಲು ಸಲೀಸು. ‘ಅದರ ಅರ್ಥ ಏನು’ ಅನ್ನುವ ಜಾಗ ಎಷ್ಟೋ ದಿನ ಖಾಲಿ ಉಳಿಯುತ್ತಿತ್ತು, ಮರುದಿನ ಆ ಸಿಸ್ಟರ್ ಹತ್ತಿರ ಕೇಳಿ ತುಂಬುತ್ತಿದ್ದೆ. ಪ್ರಶ್ನೆಗಳನ್ನೂ ಬಿಡಲಿಲ್ಲ, ಆದರೆ ದಿನಕ್ಕೆ ಇಪ್ಪತ್ತೇ. ತಪ್ಪಾದರೆ ವಿವರಣೆ ಓದುವ ಮುಂಚೆ ನಾನು ಯಾವ ಸುಳಿವು ಬಿಟ್ಟೆ ಅಂತ ಕಥೆಯಲ್ಲೇ ಹುಡುಕುತ್ತಿದ್ದೆ. ಯೋಚನೆ ಎಲ್ಲ ಕನ್ನಡದಲ್ಲೇ. ನಮ್ಮ ರೋಗಿಗಳು ನರಳುವುದು ಕನ್ನಡದಲ್ಲೇ ತಾನೇ. ಈ ಸಲ ಪಾಸಾದೆ.

ನರ್ಸಿಂಗ್ ಕಾಲೇಜಿನವರಿಗೆ, ವಾರ್ಡಿನ ಹಿರಿಯರಿಗೆ ಒಂದೇ ಕೇಳಿಕೆ. ಡ್ಯೂಟಿ ಬದಲಾಗುವ ಹ್ಯಾಂಡೋವರ್ ಹೊತ್ತಿನಲ್ಲಿ ಐದು ನಿಮಿಷ ವಿದ್ಯಾರ್ಥಿಯನ್ನು ಬೆಡ್ ಪಕ್ಕ ನಿಲ್ಲಿಸಿ ‘ಏನು ನೋಡಿದೆ, ಮೊದಲು ಏನು ಮಾಡುತ್ತೀಯ’ ಅಂತ ಕೇಳಿ. ತಪ್ಪು ಹೇಳಿದರೆ ಎಲ್ಲರ ಮುಂದೆ ಬೈಯಬೇಡಿ, ಮುಂದಿನ ಸಲ ಬಾಯೇ ಬಿಡುವುದಿಲ್ಲ. ಅಮೆರಿಕಕ್ಕೆ ಹೋಗದವರಿಗೂ ಇದು ಬೇಕು.

ಅಂದಹಾಗೆ, ಆ ಪಾಂಪ್ಲೆಟ್‌ನ ನಂಬರಿಗೆ ಫೋನ್ ಮಾಡಿ, ಕೇಸ್ ಸ್ಟಡಿ ಹೇಗೆ ಕಲಿಸುತ್ತೀರಿ ಅಂತ ಕೇಳಿದೆ. ‘ಮೇಡಂ, ಈ ತಿಂಗಳೊಳಗೆ ಸೇರಿದರೆ ಡಿಸ್ಕೌಂಟ್ ಇದೆ’ ಅಂದರು.

– ಒಬ್ಬ ಸ್ಟಾಫ್ ನರ್ಸ್, ಹಾವೇರಿ