ಹೋಸ್ಟ್ ಮನೆಗೆ ಏನು ಒಯ್ಯೋದು?

ಸಂಪಾದಕರೇ, ನಮಸ್ಕಾರ.

ನಮ್ಮೂರಿನ ಮಕ್ಕಳು ಈಗ ಎಕ್ಸ್‌ಚೇಂಜ್ ಪ್ರೋಗ್ರಾಂ ಅಂತ ಜರ್ಮನಿ, ಜಪಾನ್‌ಗೆಲ್ಲ ಹೋಗ್ತಿದಾರೆ, ಅಲ್ಲಿ ಯಾರದೋ ಮನೇಲಿ ಇರ್ಬೇಕು, ಬರಿಗೈಲಿ ಹೋಗೋಕಾಗುತ್ತಾ ಅಂತ ಅಪ್ಪ ಅಮ್ಮ ಬೆಂಗಳೂರಿಗೆ ಹೋಗಿ ದುಬಾರಿ ಬೆಳ್ಳಿ ಸಾಮಾನು ತರ್ತಾರೆ. ಯಾಕ್ ಸ್ವಾಮಿ? ಬಾಬಾಬುಡನ್‌ಗಿರಿ ಕಾಫಿ ಇರೋ ಊರು ನಮ್ದು, ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲೇ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದಿದೆ, ಹುರಿದ ಕಾಫಿಪುಡಿ ಅರ್ಧ ಕೆಜಿ ಸೀಲ್ ಮಾಡಿಸಿ ಕೊಡಿ (ಚಿಕೋರಿ ಬೆರೆಸಿದ್ದು ಬೇಡ, ಅದು ನಮ್ಮ ಚಟ), ಜೊತೆಗೊಂದು ಸ್ಟೀಲ್ ಫಿಲ್ಟರ್, ಡಿಕಾಕ್ಷನ್ ಇಳಿಸೋದು ಮಗು ಕಲ್ತಿದ್ರೆ ಅದೇ ದೊಡ್ಡ ಗಿಫ್ಟು.

ಆದ್ರೆ ಪೇಡ, ತುಪ್ಪ ಮಾತ್ರ ಕಟ್ಕೊಡ್ಬೇಡಿ. ಯುರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿಂದ ಬರೋರು ಸಾಮಾನ್ಯವಾಗಿ ಹಾಲಿನ ಪದಾರ್ಥ, ಮಾಂಸ ಒಯ್ಯೋ ಹಾಗಿಲ್ಲ, ಏರ್‌ಪೋರ್ಟಲ್ಲೇ ಕಿತ್ಕೋತಾರೆ. ಆಸ್ಟ್ರೇಲಿಯಾಗಾದ್ರೆ ತಿನ್ನೋದೇನಿದ್ರೂ ಇಳಿಯೋವಾಗ ಡಿಕ್ಲೇರ್ ಮಾಡ್ಲೇಬೇಕು.

ಜಪಾನಲ್ಲಿ ಎರಡೂ ಕೈಲಿ ಕೊಡ್ಬೇಕು, ಅವ್ರು ಎದುರಿಗೇ ಬಿಚ್ಚಿ ನೋಡ್ದೆ ಹೋದ್ರೆ ಬೇಜಾರಾಗ್ಬಾರ್ದು, ನಮ್ಮ ಮದುವೆ ಮನೇಲೂ ಹಾಗೇ ತಾನೆ. ಇದನ್ನೆಲ್ಲ ಮಕ್ಕಳನ್ನ ಕಳಿಸೋ ಶಾಲೆ, ಸಂಸ್ಥೆಯವ್ರು ಪೇರೆಂಟ್ಸ್ ಮೀಟಿಂಗಲ್ಲೇ ಒಂದು ಹಾಳೇಲಿ ಬರೆದು ಕೊಟ್ಟುಬಿಡ್ಲಿ.

— ಒಬ್ಬ ಓದುಗ, ಚಿಕ್ಕಮಗಳೂರು