ಕೆರೆ ಹಸಿರಾದಾಗ ಹೂಳನ್ನೂ ಪರೀಕ್ಷಿಸಿ

ಮಾನ್ಯರೆ,

ಕೆರೆ ಹಸಿರುಗಟ್ಟಿದೊಡನೆ ಒಂದು ಬಾಟಲಿ ನೀರು ಪರೀಕ್ಷೆಗೆ ಹೋಗುತ್ತದೆ, ‘ಪಾಚಿ’ ಎಂದು ವರದಿ ಬರುತ್ತದೆ. ಯಾವ ಪಾಚಿ ಎಂದು ಯಾರೂ ಕೇಳುವುದಿಲ್ಲ. ನೀಲಿಹಸಿರು ಪಾಚಿಗಳಲ್ಲೇ ಕೊಳಚೆ ಸೇರಿದ ಕೆರೆಗಳ ಮೈಕ್ರೋಸಿಸ್ಟಿಸ್‌ಗೆ ಗಾಳಿಯ ಸಾರಜನಕ ಹಿಡಿಯಲು ಬಾರದು; ಅನಬೀನಾ ಬಳಗಕ್ಕೆ ಬರುತ್ತದೆ. ಎರಡನೆಯದಿದ್ದರೆ ಸಾರಜನಕವೊಂದನ್ನೇ ತಗ್ಗಿಸಿ ಫಲವಿಲ್ಲ, ರಂಜಕ ತಡೆಯಬೇಕು. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕಿಟ್ಟ 227ನೇ ಸಂಖ್ಯೆಯ ಕೆರೆಗೆ 1990ರಿಂದ ರಂಜಕ ಮಾತ್ರ ಹಾಕಿದರೂ ಪಾಚಿ ಬೆಳೆಯುತ್ತಲೇ ಇತ್ತು.

ಅನಬೀನಾ ಬಳಗದ ಗುರುತು ಹೂಳಿನಲ್ಲಿ ಉಳಿಯುತ್ತದೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುವುದರಿಂದ ಆ ಕೆಲಸ ಮಾಡುವ ಹೆಟೆರೋಸಿಸ್ಟ್ ಎಂಬ ಕೋಶ ಗ್ಲೈಕೋಲಿಪಿಡ್ (ಸಕ್ಕರೆ ಅಂಟಿದ ಕೊಬ್ಬಿನಂಥ ಲಿಪಿಡ್) ಪದರ ಹೊದ್ದುಕೊಳ್ಳುತ್ತದೆ: ಸಾಮಾನ್ಯವಾಗಿ 26 ಅಥವಾ 28 ಇಂಗಾಲದ ಸರಪಳಿ, ಅದಕ್ಕಂಟಿದ ಒಂದು ಸಕ್ಕರೆ. ಬಾಲ್ಟಿಕ್ ಸಮುದ್ರದ ಕೆಸರಿನಲ್ಲಿ ಸಾವಿರಾರು ವರ್ಷ ಹಳೆಯ ಇಂಥ ಲಿಪಿಡ್‌ಗಳೂ ಸಿಕ್ಕಿವೆ. 1999ರಲ್ಲಿ ನೀಲಿಹಸಿರು ಪಾಚಿಯ ಗುರುತೆಂದು ಹೆಸರಾದ 2-ಮೀಥೈಲ್‌ಹೋಪನಾಯ್ಡ್ ಎಂಬ ಇನ್ನೊಂದು ಲಿಪಿಡ್ ಅಷ್ಟು ನಂಬಿಕಸ್ಥವಲ್ಲ. ಬೇರೆ ಬ್ಯಾಕ್ಟೀರಿಯಾವೂ ಅದನ್ನು ತಯಾರಿಸುತ್ತದೆಂದು 2007ರಲ್ಲಿ ತಿಳಿಯಿತು.

ಕೆಲಸ ಕೆಡುವುದು ಹೆಚ್ಚಾಗಿ ಮಾದರಿ ಎತ್ತುವಾಗಲೇ. ಕಾಲುವೆ ಬಾಯಲ್ಲಿ ತೆಗೆದರೆ ಗದ್ದೆಯಿಂದ ಕೊಚ್ಚಿಬಂದ, ಹೆಟೆರೋಸಿಸ್ಟ್ ಇರುವ ಇನ್ನೊಂದು ಪಾಚಿ ನಾಸ್ಟಾಕ್‌ನ ಲಿಪಿಡ್ಡೂ ಲೆಕ್ಕಕ್ಕೆ ಬರುತ್ತದೆ. ಕೆರೆಯ ನಡುವಿನ ಆಳದಲ್ಲಿ ಕೊಳವೆ ಇಳಿಸಿ. ಹೂಳೆತ್ತಿದ ಕೆರೆಯಾದರೆ ಪದರಗಳು ಕಲಸಿಹೋಗಿರುತ್ತವೆ, ಹಳೆಯ ಕಾಲದ ಕತೆ ಅಲ್ಲಿ ಸಿಗದು. ಬೇಸಿಗೆಯಲ್ಲಿ ಒಣಗಿ ಬಿರಿದ ತಳಕ್ಕೂ ಇದೇ ಮಾತು. ಒಂದೊಂದು ಸೆಂಟಿಮೀಟರಿಗೆ ಕತ್ತರಿಸಿದ ಹೂಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಡಿ, ಪ್ಲಾಸ್ಟಿಕ್ಕಿನ ರಾಸಾಯನಿಕ ಬೆರೆಯುತ್ತದೆ. 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ತಡಮಾಡದೆ ಮೈನಸ್ 20ಕ್ಕೆ ಇಡಿ. ಹೆಪ್ಪುಗಟ್ಟಿಸಿಯೇ ಒಣಗಿಸಿ, ಮೆಥನಾಲ್, ಡೈಕ್ಲೋರೋಮೀಥೇನ್, ಫಾಸ್ಫೇಟ್ ಬಫರ್‌ಗಳನ್ನು 2:1:0.8 ಪ್ರಮಾಣದಲ್ಲಿ ಬೆರೆಸಿ ಲಿಪಿಡ್ ಬಿಡಿಸಬೇಕು. ಸಕ್ಕರೆ ಅಂಟಿದ ಈ ಅಣು ಆವಿಯಾಗದ ಕಾರಣ, ಅಣುಗಳನ್ನು ಆವಿಯಾಗಿಸಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ನೇರವಾಗಿ ಹಾಕಿದರೆ ಕಾಣಿಸದು. ‘ಪತ್ತೆಯಾಗಿಲ್ಲ’ ಎಂಬ ವರದಿ ಬಂದರೆ ಯಾವ ಯಂತ್ರದಲ್ಲಿ ನೋಡಿದಿರಿ ಎಂದು ಮೊದಲು ವಿಚಾರಿಸಿ. ಬೇಕಿರುವುದು ದ್ರವದಲ್ಲೇ ಬೇರ್ಪಡಿಸುವ ದ್ರವ ಕ್ರೊಮ್ಯಾಟೋಗ್ರಫಿ ಮತ್ತು ಅಣುವಿನ ತೂಕದಿಂದ ಅದನ್ನು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್.

ಸರಿಯಾದ ಯಂತ್ರದಲ್ಲೂ ಸಿಗದಿದ್ದರೆ ನೀಲಿಹಸಿರು ಪಾಚಿಯೇ ಇಲ್ಲವೆಂದು ಬರೆಯುವಂತಿಲ್ಲ. ಮೈಕ್ರೋಸಿಸ್ಟಿಸ್‌ನಲ್ಲಿ ಈ ಲಿಪಿಡ್ ಇರುವುದೇ ಇಲ್ಲ. ನೀರಲ್ಲಿ ಅಮೋನಿಯಾ, ನೈಟ್ರೇಟ್ ಧಾರಾಳವಾಗಿದ್ದರೆ ಅನಬೀನಾ ಕೂಡ ಹೆಟೆರೋಸಿಸ್ಟ್ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಬೆಂಗಳೂರಿನ ಸಂಸ್ಕರಿತ ನೀರು ಹರಿಯುವ ಕೋಲಾರದ ಕೆರೆಗಳಲ್ಲಿ ಪರೀಕ್ಷೆ ನಡೆಸುವವರು ಅಮೋನಿಯಾ, ನೈಟ್ರೇಟ್‌ಗಳ ಅಂಕಿಗಳನ್ನೂ ಸೂಕ್ಷ್ಮದರ್ಶಕದ ಎಣಿಕೆಯನ್ನೂ ಅದೇ ವರದಿಯಲ್ಲಿ ಕೊಡಲಿ.

– ಕೆರೆ ಅಧ್ಯಯನಾಸಕ್ತರು, ಕೋಲಾರ